ಎಂಜಿನ್ನಿನ ಕವಾಟಗಳು ಮತ್ತು ಅವುಗಳ ಸ್ಪ್ರಿಂಗುಗಳು

ಹೃದಯದ ಕವಾಟಗಳನ್ನು ಕುರಿತು ವೈದ್ಯಮಿತ್ರರು ಬರೆದ ಲೇಖನಗಳು ಇಂತಹ ಸ್ಮರಣ ಸಂಚಿಕೆಗಳಲ್ಲಿ ಆಗಾಗ ಬರುತ್ತವೆ. ಮೋಟಾರು ವಾಹನದ ಎಂಜಿನ್ನಿಗೂ ಕವಾಟಗಳುಂಟು. ಕಾರ್ಯಾಗಾರದ ಮಾತಿನಲ್ಲಿ ಅವೇ ವಾಲ್ವುಗಳು. ಹೆಸರಿನ ಸಾಮ್ಯವನ್ನು ಬಿಟ್ಟರೆ ಎರಡಕ್ಕೂ ಹೋಲಿಕೆ ಹೆಚ್ಚಿಲ್ಲ. ಹೃದಯದ ಕವಾಟಗಳು ಮೃದುವಾದ ಪೊರೆಗಳು; ರಕ್ತದ ಒತ್ತಡ ಏರಿಳಿದಂತೆ ಅವು ತಾವಾಗಿಯೇ ತೆರೆದು ಮುಚ್ಚುತ್ತವೆ. ವಿಶ್ರಾಂತಿಯಲ್ಲಿರುವ ಮನುಷ್ಯನಲ್ಲಿ ಈ ಕ್ರಿಯೆ ನಿಮಿಷಕ್ಕೆ 60ರಿಂದ 100 ಸಲ ನಡೆದರೆ ಸಾಕು. ಎಂಜಿನ್ನಿನ ಕವಾಟವಾದರೋ ಉದ್ದ ಕಾಂಡದ ಒಂದು ಉಕ್ಕಿನ ಅಣಬೆ. ನಿಮಿಷಕ್ಕೆ 6,000 ಸುತ್ತು ತಿರುಗುತ್ತಿರುವ ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಅಂತಹ ಒಂದೊಂದು ಅಣಬೆಯೂ ಸೆಕೆಂಡಿಗೆ 50 ಸಲ ತೆರೆದು 50 ಸಲ ಮುಚ್ಚಬೇಕು. ತೆರೆಯಿಸುವುದು ಕ್ಯಾಮ್‌ದಂಡದ ಕೆಲಸವೆಂಬುದು ಎಲ್ಲರಿಗೂ ಗೊತ್ತು. ಮುಚ್ಚಿಸುವುದು ಯಾರ ಕೆಲಸ ಎಂಬ ಪ್ರಶ್ನೆಯನ್ನು ಮಾತ್ರ ಬಹುಮಂದಿ ಕೇಳಿಕೊಳ್ಳುವುದೇ ಇಲ್ಲ.

ಹಳೆಯ ವಾಹನಗಳನ್ನು ಕೊಂಡು, ಬಿಚ್ಚಿ, ಮತ್ತೆ ಕಟ್ಟುವ ಹವ್ಯಾಸ ನಮ್ಮವರಲ್ಲಿಯೂ ಬೆಳೆದಿದೆ. 2023ರವರೆಗೆ ಮುಂಬಯಿಯ ಬೀದಿಗಳಲ್ಲಿ ಟ್ಯಾಕ್ಸಿಯಾಗಿ ಓಡಿದ ಪ್ರೀಮಿಯರ್ ಪದ್ಮಿನಿ, ಚೆನ್ನೈಯಲ್ಲಿ ತಯಾರಾದ ಎನ್‌ಫೀಲ್ಡ್ ಬುಲೆಟ್ ಇವುಗಳ ಮೇಲೆ ಮಮತೆಯುಳ್ಳ ತರುಣರು ಪುಣೆಯಲ್ಲಿಯೂ ಇದ್ದಾರೆ, ಹೈದರಾಬಾದಿನಲ್ಲಿಯೂ ಇದ್ದಾರೆ. ಎಂಜಿನ್ನನ್ನು ಹೇಗೂ ಬಿಚ್ಚಿದ್ದಾಗಿದೆ, ಇನ್ನಷ್ಟು ಶಕ್ತಿ ಬರಲಿ ಎಂಬ ಆಸೆಯಿಂದ ಮೂಲ ಕಾರ್ಖಾನೆಯದಲ್ಲದ, ಬೇರೊಬ್ಬ ತಯಾರಕನ ಕ್ಯಾಮ್‌ದಂಡವನ್ನು ತರಿಸಿ ಹಾಕುವುದುಂಟು. ಸಿಲಿಂಡರು ಕೊರೆಸಲು ಹಣವಾಯಿತು, ಪಿಸ್ಟನ್ನಿಗೆ ಹಣವಾಯಿತು, ದಂಡಕ್ಕೂ ಹಣವಾಯಿತು. ಹಳೆಯ ಸ್ಪ್ರಿಂಗುಗಳು ಮಾತ್ರ ಸೀಮೆಎಣ್ಣೆಯಲ್ಲಿ ಸ್ನಾನ ಮಾಡಿ ತಮ್ಮ ತಮ್ಮ ಜಾಗಕ್ಕೆ ಮರಳುತ್ತವೆ. ನೋಡಲು ಅವು ಮುರಿದಿಲ್ಲ, ತುಕ್ಕು ಹಿಡಿದಿಲ್ಲ, ಮತ್ತೇಕೆ ಖರ್ಚು? ತಿಂಗಳುಗಟ್ಟಲೆ ಕೂಡಿಟ್ಟ ಹಣ ಒಂದು ಮಧ್ಯಾಹ್ನದಲ್ಲಿ ಮಣ್ಣುಪಾಲಾಗುವುದು ಇಲ್ಲಿಯೇ.

ಕಾರ್ಯವಿಧಾನವನ್ನು ಮೊದಲು ನೋಡೋಣ. ಕ್ಯಾಮ್‌ದಂಡದ ಮೇಲೆ ಒಂದೊಂದು ಕವಾಟಕ್ಕೆ ಒಂದೊಂದರಂತೆ ಉಬ್ಬುಗಳಿರುತ್ತವೆ. ಅಡ್ಡಕ್ಕೆ ಕತ್ತರಿಸಿ ನೋಡಿದರೆ ಉಬ್ಬಿನ ಆಕಾರ ಮೊಟ್ಟೆಯಂತೆ: ಒಂದು ಕಡೆ ವೃತ್ತಾಕಾರದ ಬುಡ, ಅದರಿಂದ ಏರುವ ಎರಡು ಪಕ್ಕೆಗಳು, ತುದಿಯಲ್ಲಿ ಮೂಗು. ದಂಡ ತಿರುಗಿದಾಗ ಉಬ್ಬು ತನ್ನ ಮೇಲೆ ಕುಳಿತ ಟ್ಯಾಪೆಟ್ಟನ್ನು ಎತ್ತುತ್ತದೆ. ಟ್ಯಾಪೆಟ್ಟು ತಳ್ಳುಕಡ್ಡಿಯನ್ನು, ತಳ್ಳುಕಡ್ಡಿ ರಾಕರ್ ಎಂಬ ಸನ್ನೆಯನ್ನು, ರಾಕರು ಕವಾಟವನ್ನು ನೂಕುತ್ತದೆ. ಪದ್ಮಿನಿಯಲ್ಲಿಯೂ ಹಳೆಯ ಬುಲೆಟ್ಟಿನಲ್ಲಿಯೂ ಇದೇ ಏರ್ಪಾಡು. ಈ ಸರಪಣಿಯಲ್ಲಿ ಒಂದು ವಿಶೇಷವುಂಟು. ಇದರ ಕೊಂಡಿಗಳು ಒಂದನ್ನೊಂದು ಮುಟ್ಟಿಕೊಂಡಿವೆಯೇ ಹೊರತು ಹಿಡಿದುಕೊಂಡಿಲ್ಲ. ಆದ್ದರಿಂದ ಕ್ಯಾಮ್ ತಳ್ಳಬಲ್ಲದು, ಎಳೆಯಲಾರದು. ಮೂಗನ್ನು ದಾಟಿದ ಮೇಲೆ ಉಬ್ಬು ತಾನಾಗಿ ಕೆಳಗಿಳಿದು ಹೋಗುತ್ತದೆ. ಅದರ ಬೆನ್ನು ಬಿಡದೆ ಟ್ಯಾಪೆಟ್ಟು, ಕಡ್ಡಿ, ರಾಕರು, ಕವಾಟ ಇಷ್ಟನ್ನೂ ಹಿಂದಕ್ಕೆ ಅಟ್ಟಿಕೊಂಡು ಬರುವ ಹೊಣೆ ಸಂಪೂರ್ಣವಾಗಿ ಸ್ಪ್ರಿಂಗಿನದು. ಕ್ಯಾಮ್ ತಯಾರಕನು ಎಷ್ಟೇ ನಾಜೂಕಾದ ವಕ್ರರೇಖೆಯನ್ನು ಉಕ್ಕಿನಲ್ಲಿ ಕೆತ್ತಿರಲಿ, ಅದರ ಇಳಿಜಾರಿನ ಅರ್ಧವನ್ನು ನಡೆಸಿಕೊಡುವುದು ಸ್ಪ್ರಿಂಗು.

ಕ್ಯಾಮ್ ಬದಲಿಸುವ ವಿದ್ಯೆ ವ್ಯಾಪಕವಾಗಿ ಬೆಳೆದದ್ದು ಅಮೆರಿಕದಲ್ಲಿ. ಎರಡನೆಯ ಮಹಾಯುದ್ಧದ ನಂತರ ಲಾಸ್ ಏಂಜಲೀಸಿನಲ್ಲಿ ಎಡ್ ಇಸ್ಕೆಂಡೇರಿಯನ್ ಮೊದಲಾದವರು ಸ್ವಂತ ಅರೆಯುವ ಯಂತ್ರಗಳನ್ನಿಟ್ಟು ಕ್ಯಾಮ್‌ದಂಡಗಳನ್ನು ತಯಾರಿಸಿ ಮಾರಿದರು. 1955ರಲ್ಲಿ ಷೆವರ್ಲೆ ಸಂಸ್ಥೆ ‘ಸ್ಮಾಲ್ ಬ್ಲಾಕ್’ ಎಂದು ಹೆಸರಾದ ಎಂಟು ಸಿಲಿಂಡರುಗಳ ಎಂಜಿನ್ನನ್ನು ಹೊರತಂದಾಗ ಆ ಕಸುಬಿಗೆ ಹೇಳಿ ಮಾಡಿಸಿದ ಎಂಜಿನ್ನು ಸಿಕ್ಕಂತಾಯಿತು. ಕಾರ್ಖಾನೆಯವರೂ ಹಿಂದೆ ಬೀಳಲಿಲ್ಲ. ಅಲ್ಲಿನ ಎಂಜಿನಿಯರ್ ಜೋರಾ ಅರ್ಕಸ್ ಡಂಟೊವ್ ಅವರ ಹೆಸರಿನಿಂದಲೇ ಪ್ರಸಿದ್ಧವಾದ ಕ್ಯಾಮ್‌ದಂಡವನ್ನು ಹಾಕಿದ 1957ರ ಕಾರ್ವೆಟ್ ಕಾರು 283 ಘನ ಅಂಗುಲದ ಎಂಜಿನ್ನಿನಿಂದ 283 ಅಶ್ವಶಕ್ತಿಯನ್ನು ಕೊಟ್ಟಿತು. 1967ರಲ್ಲಿ ಬಂದ 350 ಘನ ಅಂಗುಲದ, ಅಂದರೆ 5.7 ಲೀಟರಿನ ಎಂಜಿನ್ನನ್ನು ಇಂದಿಗೂ ಅಲ್ಲಿನ ಮನೆಗಳ ಹಿತ್ತಿಲ ಶೆಡ್ಡುಗಳಲ್ಲಿ ಬಿಚ್ಚಿ ಕಟ್ಟುತ್ತಲೇ ಇದ್ದಾರೆ. ಅದರ ಅಳತೆಗಳು ಎಲ್ಲರ ಬಾಯಲ್ಲಿರುವುದರಿಂದ ನಾನೂ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಪೌಂಡು ಅಂಗುಲಗಳನ್ನು ನಮಗೆ ಒಗ್ಗುವಂತೆ ಕಿಲೋ ಮಿಲಿಮೀಟರುಗಳಿಗೆ ತಿರುಗಿಸಿದ್ದೇನೆ. ಈ ಅಂಕಿಗಳನ್ನು ಯಾರೂ ಬುಲೆಟ್ಟಿಗೋ ಪದ್ಮಿನಿಗೋ ಹಾಗೆಯೇ ಅನ್ವಯಿಸಬಾರದು. ವಿಧಾನ ಒಂದೇ, ಅಂಕಿಗಳು ಬೇರೆ.

ಆ ಎಂಜಿನ್ನಿನ ಸಾಧಾರಣ ಸ್ಪ್ರಿಂಗನ್ನು ತಲೆಯಲ್ಲಿ ಕೂರಿಸಿದಾಗ, ಕವಾಟ ಮುಚ್ಚಿರುವ ಸ್ಥಿತಿಯಲ್ಲಿ, ಅದರ ಎತ್ತರ 43.2 ಮಿಲಿಮೀಟರು; ಆಗ ಅದು ಒತ್ತುವ ಬಲ ಸುಮಾರು 36 ಕಿಲೋ. ಇದನ್ನು ಪೀಠದ ಬಲವೆನ್ನೋಣ. 31.8 ಮಿಲಿಮೀಟರಿಗೆ ಅದುಮಿದಾಗ ಬಲ ಸುಮಾರು 91 ಕಿಲೋಗೆ ಏರುತ್ತದೆ. ಭಾಗಿಸಿ ನೋಡಿದರೆ ಒಂದೊಂದು ಮಿಲಿಮೀಟರು ಅದುಮಿದ್ದಕ್ಕೂ ಹತ್ತಿರಹತ್ತಿರ 4.8 ಕಿಲೋ ಹೆಚ್ಚುತ್ತದೆ ಎಂದಾಯಿತು. ಸಂಸಾರಸ್ಥರ ಕಾರುಗಳಲ್ಲಿದ್ದ ಕಾರ್ಖಾನೆಯ ಕ್ಯಾಮ್ ಕವಾಟವನ್ನು ಎತ್ತುತ್ತಿದ್ದುದು ಸುಮಾರು 10 ಮಿಲಿಮೀಟರು. ಈಗ ಅಲ್ಲಿ 12.2 ಮಿಲಿಮೀಟರು ಎತ್ತುವ ಹೊಸ ಕ್ಯಾಮನ್ನು ಹಾಕಿದೆವೆಂದು ಭಾವಿಸಿ. ಎರಡು ಮಿಲಿಮೀಟರಿನ ವ್ಯತ್ಯಾಸ. ಬೆರಳ ಉಗುರಿನ ದಪ್ಪವೂ ನಾಲ್ಕೈದು ಪದರವಾದರೆ ಅಷ್ಟಾದೀತು. ಆದರೆ ಈ ಅಲ್ಪ ವ್ಯತ್ಯಾಸ ಕೇಳುವ ಬೆಲೆ ಅಲ್ಪವಲ್ಲ.

ಕವಾಟ ತೆರೆಯತೊಡಗಿದಾಗ ಕ್ಯಾಮಿನ ಪಕ್ಕೆ ಅದನ್ನು ರಭಸದಿಂದ ನೂಕುತ್ತದೆ. ಅರ್ಧ ದಾರಿಯಲ್ಲಿ ವೇಗ ಗರಿಷ್ಠಕ್ಕೆ ಮುಟ್ಟುತ್ತದೆ. ಮೂಗಿನ ತುದಿಗೆ ಬರುವ ವೇಳೆಗೆ ಆ ವೇಗ ಸೊನ್ನೆಗೆ ಇಳಿದು, ಮರುಕ್ಷಣ ದಿಕ್ಕು ಬದಲಾಗಬೇಕು. ಓಡುತ್ತಿರುವ ಬಸ್ಸು ತಟಕ್ಕನೆ ನಿಂತರೆ ಪ್ರಯಾಣಿಕನು ಮುಂದಕ್ಕೆ ಮುಗ್ಗರಿಸುವಂತೆ, ಇಲ್ಲಿಯೂ ಕವಾಟಸಮೂಹ ಕ್ಯಾಮನ್ನು ಬಿಟ್ಟು ಮುಂದಕ್ಕೆ ಹಾರಲು ಹವಣಿಸುತ್ತದೆ. ಅದನ್ನು ತಡೆದು ಹಿಂದಕ್ಕೆ ತಿರುಗಿಸುವ ಬಲ ಸ್ಪ್ರಿಂಗಿನಲ್ಲಿರಬೇಕು. ಆ ಬಲ ಎಷ್ಟು? ಸ್ಥೂಲವಾದ ಒಂದು ಲೆಕ್ಕ ಮಾಡಬಹುದು. ಕವಾಟ, ಅದರ ಮೇಲಿನ ತಟ್ಟೆ, ಸ್ಪ್ರಿಂಗಿನ ಚಲಿಸುವ ಭಾಗ, ರಾಕರು, ಕಡ್ಡಿ, ಟ್ಯಾಪೆಟ್ಟು ಎಲ್ಲವನ್ನೂ ಕವಾಟದ ಬದಿಗೆ ಸಲ್ಲುವಂತೆ ಕೂಡಿಸಿದರೆ 250 ಗ್ರಾಂ ಎಂದಿಟ್ಟುಕೊಳ್ಳೋಣ. ಕ್ರ್ಯಾಂಕಿನ 280 ಡಿಗ್ರಿಗಳಷ್ಟು ಕಾಲ ಕವಾಟ ತೆರೆದಿರಲಿ. ನಿಮಿಷಕ್ಕೆ 6,000 ಸುತ್ತಿನಲ್ಲಿ ಅದು ಸೆಕೆಂಡಿನ ಸಾವಿರ ಪಾಲಿನಲ್ಲಿ ಎಂಟು ಪಾಲು ಕೂಡ ಅಲ್ಲ. ಅಷ್ಟರೊಳಗೆ 12.2 ಮಿಲಿಮೀಟರು ಹೋಗಿ ಹಿಂದಿರುಗಬೇಕು. ಚಲನೆ ಉಯ್ಯಾಲೆಯಂತೆ ಸಮವಾಗಿರುತ್ತದೆಂದು ಭಾವಿಸಿದರೂ ಮೂಗಿನ ತುದಿಯಲ್ಲಿ ಬೇಕಾಗುವ ವೇಗೋತ್ಕರ್ಷ ಭೂಮಿಯ ಗುರುತ್ವದ ಸುಮಾರು 400 ಪಟ್ಟು. 250 ಗ್ರಾಂ ತೂಕಕ್ಕೆ ಅದರಂತೆ ಬೇಕಾಗುವ ಬಲ 100 ಕಿಲೋಗಿಂತ ತುಸು ಹೆಚ್ಚು. ನಮ್ಮ ಹಳೆಯ ಸ್ಪ್ರಿಂಗು ಪೂರ್ತಿ ತೆರೆದಾಗ ಕೊಡುವುದಾದರೂ ಎಷ್ಟು? 36ರ ಮೇಲೆ 58 ಸೇರಿಸಿ 94 ಕಿಲೋ. ಅದೂ ಸ್ಪ್ರಿಂಗು ಹೊಚ್ಚ ಹೊಸದಾಗಿದ್ದರೆ.

ನಿಜವಾದ ಕ್ಯಾಮುಗಳ ವಕ್ರರೇಖೆ ಇಷ್ಟು ಸರಳವಾಗಿರುವುದಿಲ್ಲ. ಆದರೂ ಲೆಕ್ಕದ ದಿಕ್ಕು ತಪ್ಪಿಲ್ಲ. ಇನ್ನೊಂದು ಸಂಗತಿಯನ್ನು ಇದು ತೋರಿಸಿಕೊಡುತ್ತದೆ. ಬೇಕಾಗುವ ಬಲ ಎಂಜಿನ್ನಿನ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. 5,000 ಸುತ್ತಿನಲ್ಲಿ 70 ಕಿಲೋ ಸಾಕಾಗಿದ್ದಲ್ಲಿ 6,000ಕ್ಕೆ 101 ಕಿಲೋ ಬೇಕು. ವೇಗ ಹೆಚ್ಚಿದ್ದು ನೂರಕ್ಕೆ 20, ಬಲದ ಬೇಡಿಕೆ ಹೆಚ್ಚಿದ್ದು ನೂರಕ್ಕೆ 44. ಆದುದರಿಂದಲೇ ಹಳೆಯ ಸ್ಪ್ರಿಂಗು ಹಾಕಿದ ಎಂಜಿನ್ನು ಊರೊಳಗೆ ಅಚ್ಚುಕಟ್ಟಾಗಿ ಓಡುತ್ತದೆ, ಹೆದ್ದಾರಿಯ ಮೊದಲ ಕೆಲವು ಮೈಲಿಯೂ ಸಂತೋಷ ಕೊಡುತ್ತದೆ. ಒಂದು ವೇಗವನ್ನು ದಾಟಿದೊಡನೆ ಗೋಡೆಗೆ ತಾಗಿದಂತೆ ಶಕ್ತಿ ನಿಂತುಹೋಗುತ್ತದೆ; ಎಂಜಿನ್ನು ಗಡಗಡಿಸುತ್ತದೆ. ಮಾಲಿಕನು ಕಾರ್ಬ್ಯುರೇಟರನ್ನು ಬಿಚ್ಚುತ್ತಾನೆ, ಕಿಡಿಯ ಸಮಯವನ್ನು ತಿದ್ದುತ್ತಾನೆ, ಹೊಸ ಪ್ಲಗ್ಗು ಹಾಕುತ್ತಾನೆ. ಅಪರಾಧಿ ಮುಚ್ಚಳದ ಕೆಳಗೆ ಎಣ್ಣೆಯಲ್ಲಿ ಮಿಂದು ನಿಶ್ಚಿಂತೆಯಿಂದ ಕುಳಿತಿರುತ್ತದೆ.

ಇದನ್ನೇ ಕವಾಟದ ತೇಲಾಟ ಎನ್ನುವುದು. ಟ್ಯಾಪೆಟ್ಟು ಮೂಗಿನಿಂದ ಮೇಲಕ್ಕೆ ಹಾರಿ, ಇಳಿಜಾರಿನ ಮಧ್ಯದಲ್ಲೆಲ್ಲೋ ಬಂದು ಅಪ್ಪಳಿಸುತ್ತದೆ. ಎಣ್ಣೆಯ ಒತ್ತಡದಿಂದ ಸಂದನ್ನು ತಾನೇ ತುಂಬಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ಟಾದರೆ ಇನ್ನೊಂದು ಫಜೀತಿ: ಹಾರಿದಾಗ ಉಂಟಾದ ಸಂದನ್ನು ಅದು ಪ್ರಾಮಾಣಿಕವಾಗಿ ಎಣ್ಣೆಯಿಂದ ತುಂಬಿಕೊಂಡು ಉದ್ದವಾಗಿಬಿಡುತ್ತದೆ, ಆಮೇಲೆ ಕವಾಟ ಪೂರ್ತಿ ಮುಚ್ಚುವುದೇ ಇಲ್ಲ. ತೇಲಾಟಕ್ಕೆ ಮೂಗಿನ ಮೇಲಿನ ಬಲದ ಕೊರತೆ ಕಾರಣವಾದರೆ, ಪೀಠದ ಬಲದ ಕೊರತೆಗೆ ಬೇರೆ ಲಕ್ಷಣವಿದೆ. ಇಳಿದು ಬಂದ ಕವಾಟ ಪೀಠಕ್ಕೆ ತಗುಲಿ ಚೆಂಡಿನಂತೆ ಮತ್ತೆ ಪುಟಿಯುತ್ತದೆ. ಪುಟಿದಷ್ಟು ಹೊತ್ತು ಅನಿಲ ಸೋರುತ್ತದೆ. ದಿನಗಳೆದಂತೆ ಪೀಠ ಜಜ್ಜಿಹೋಗುತ್ತದೆ. ಕೆಲವೊಮ್ಮೆ ಕವಾಟದ ತಲೆಯೇ ಕಾಂಡದಿಂದ ಕಳಚಿಕೊಳ್ಳುತ್ತದೆ. ಕಳಚಿದ ತಲೆ ಸಿಲಿಂಡರಿನೊಳಗೆ ಬಿದ್ದರೆ ಆ ಎಂಜಿನ್ನಿನಲ್ಲಿ ಪಿಸ್ಟನ್ನೂ ಉಳಿಯುವುದಿಲ್ಲ, ತಲೆಯೂ ಉಳಿಯುವುದಿಲ್ಲ.

ಹಾಗಾದರೆ ಸಿಕ್ಕುವುದರಲ್ಲಿ ಅತ್ಯಂತ ಬಿರುಸಾದ ಸ್ಪ್ರಿಂಗನ್ನು ಹಾಕಿದರಾಯಿತಲ್ಲ ಎಂದು ಓದುಗರಿಗೆ ತೋರಬಹುದು. ಬಹಳ ಮಂದಿಗೆ ಹಾಗೆಯೇ ತೋರಿದೆ. ಇದು ಮೊದಲಿನದಕ್ಕಿಂತ ದೊಡ್ಡ ತಪ್ಪು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಇದರಲ್ಲಿ ವಿವೇಕದ ವೇಷವಿದೆ. ಸ್ಪ್ರಿಂಗಿನ ಬಲ ಸ್ಪ್ರಿಂಗಿನಲ್ಲಿಯೇ ನಿಲ್ಲುವುದಿಲ್ಲ. ಈ ಎಂಜಿನ್ನಿನ ರಾಕರ್ ಸನ್ನೆಯ ಅನುಪಾತ 1.5. ಕ್ಯಾಮಿನ 8.1 ಮಿಲಿಮೀಟರು ಏರಿಕೆಯನ್ನು ಅದು ಕವಾಟದಲ್ಲಿ 12.2 ಮಾಡುತ್ತದೆ, ಹಾಗೆಯೇ ಕವಾಟದ ಬದಿಯ 94 ಕಿಲೋ ಬಲವನ್ನು ಕ್ಯಾಮಿನ ಬದಿಯಲ್ಲಿ 141 ಕಿಲೋ ಮಾಡಿ ಒಪ್ಪಿಸುತ್ತದೆ. ಚಪ್ಪಟೆ ಟ್ಯಾಪೆಟ್ಟು ಉಬ್ಬನ್ನು ಮುಟ್ಟುವುದು ಕಿರಿದಾದ ಒಂದು ಜಾಗದಲ್ಲಿ. ಚಪ್ಪಟೆ ಎಂದು ಹೆಸರಾದರೂ ಅದರ ಅಡಿ ಕಣ್ಣಿಗೆ ಕಾಣದಷ್ಟು ಉಬ್ಬಿದೆ. ಕ್ಯಾಮಿನ ಮುಖವೂ ಒಂದು ಬದಿಗೆ ಕೂದಲೆಳೆಯಷ್ಟು ಓರೆಯಾಗಿದೆ. ಈ ಎರಡರ ದೆಸೆಯಿಂದ ಟ್ಯಾಪೆಟ್ಟು ಕೆಲಸ ಮಾಡುತ್ತ ಮಾಡುತ್ತ ಮೆಲ್ಲನೆ ತನ್ನ ಸುತ್ತ ತಿರುಗುತ್ತಿರುತ್ತದೆ, ಸವೆತ ಒಂದೇ ಕಡೆ ಬೀಳದಂತೆ ಹಂಚಿಕೊಳ್ಳುತ್ತದೆ. ಬಲ ಮಿತಿಮೀರಿದರೆ ನಡುವಿನ ಎಣ್ಣೆಯ ಪದರ ಹರಿಯುತ್ತದೆ, ತಿರುಗಾಟ ನಿಲ್ಲುತ್ತದೆ, ಉಬ್ಬಿನ ಮೂಗು ಸವೆದು ಚಪ್ಪಟೆಯಾಗುತ್ತದೆ. ಸವೆದ ಉಕ್ಕಿನ ಹುಡಿ ಎಣ್ಣೆಯೊಡನೆ ಸೇರಿ ಹೊಸ ಬೇರಿಂಗುಗಳಿಗೆ ಹೋಗುತ್ತದೆ. ಆ ಕಾಲದ ಷೆವರ್ಲೆ ತಲೆಗಳಲ್ಲಿ ರಾಕರು ನಿಲ್ಲುವ ಗೂಟಗಳನ್ನು ಎಷ್ಟೋ ಕಡೆ ತಿರುಪಿನಿಂದ ಬಿಗಿಯದೆ ಬರಿದೆ ಒತ್ತಿ ಕೂರಿಸಿರುತ್ತಿದ್ದರು. ಬಿರುಸಾದ ಸ್ಪ್ರಿಂಗು ಹಾಕಿದರೆ ಆ ಗೂಟಗಳೇ ಕಿತ್ತು ಮೇಲೆ ಬರುವುದುಂಟು. ಸಪೂರವಾದ ತಳ್ಳುಕಡ್ಡಿಗಳು ಬಾಗುತ್ತವೆ. ರೋಲರ್ ಟ್ಯಾಪೆಟ್ಟು ಹೆಚ್ಚು ಬಲವನ್ನು ತಾಳಬಲ್ಲದು; ಆದರೆ ಅದಕ್ಕೆ ಕ್ಯಾಮ್‌ದಂಡವೂ ಬೇರೆಯೇ ಬೇಕು.

ಸ್ಪ್ರಿಂಗಿನ ಆಯ್ಕೆ, ಹೀಗೆ, ಎರಡು ಅಪಾಯಗಳ ನಡುವಿನ ಕಿರುದಾರಿ. ನಮ್ಮ ಉದಾಹರಣೆಯಲ್ಲಿ ಅದೇ 43.2 ಮಿಲಿಮೀಟರು ಎತ್ತರದಲ್ಲಿ 50 ಕಿಲೋ ಒತ್ತಿ, ಮಿಲಿಮೀಟರಿಗೆ 5.4 ಕಿಲೋನಂತೆ ಏರುವ ಸ್ಪ್ರಿಂಗನ್ನು ತೆಗೆದುಕೊಂಡರೆ ಪೂರ್ತಿ ತೆರೆದಾಗ ಸುಮಾರು 116 ಕಿಲೋ ಸಿಗುತ್ತದೆ. 6,000 ಸುತ್ತಿನ ಬೇಡಿಕೆಗಿಂತ ಇದು ನೂರಕ್ಕೆ ಹದಿನೈದರಷ್ಟು ಹೆಚ್ಚು. ಚಪ್ಪಟೆ ಟ್ಯಾಪೆಟ್ಟಿಗೂ ಅತಿಯಾಗದು. 6,500ಕ್ಕೆ ಓಡಿಸಬೇಕೆಂದರೆ ಇದು ಸಾಲದು. ಸ್ಪ್ರಿಂಗನ್ನು ಬಿರುಸುಮಾಡುವ ಬದಲು ಕವಾಟಸಮೂಹದ ತೂಕ ಇಳಿಸುವುದು ಜಾಣತನ. ಒಳ್ಳೆಯ ಕ್ಯಾಮ್ ತಯಾರಕನು ದಂಡದ ಜೊತೆಗೆ ಒಂದು ಚೀಟಿ ಕಳುಹಿಸುತ್ತಾನೆ. ಏರಿಕೆ, ತೆರೆದಿರುವ ಅವಧಿ, ತಕ್ಕ ಸ್ಪ್ರಿಂಗು ಎಲ್ಲವೂ ಅದರಲ್ಲಿರುತ್ತವೆ. ಆ ಉಬ್ಬಿನ ಆಕಾರ ಅವನಿಗೆ ಗೊತ್ತು, ನಮಗೆ ಗೊತ್ತಿಲ್ಲ. ಪೆಟ್ಟಿಗೆ ಬಿಚ್ಚುವ ಉತ್ಸಾಹದಲ್ಲಿ ಚೀಟಿಯನ್ನು ಎಸೆಯಬಾರದು.

ಚೀಟಿಯಂತೆ ಸ್ಪ್ರಿಂಗು ತಂದ ಮಾತ್ರಕ್ಕೆ ಕೆಲಸ ಮುಗಿಯದು. ಮರುಕಟ್ಟಿದ ಎಂಜಿನ್ನಿನಲ್ಲಿ ಎಲ್ಲರೂ ಮರೆಯುವ ಸಂಗತಿ ಒಂದಿದೆ. ಸವೆದ ಪೀಠಗಳನ್ನು ಅರೆದಾಗ ಕವಾಟ ತಲೆಯೊಳಗೆ ಸ್ವಲ್ಪ ಹೂತುಹೋಗುತ್ತದೆ, ಅಷ್ಟರಮಟ್ಟಿಗೆ ಅದರ ಕಾಂಡ ಆ ಕಡೆ ಮೇಲೆದ್ದು ಸ್ಪ್ರಿಂಗಿನ ಜಾಗ ಉದ್ದವಾಗುತ್ತದೆ. ಒಂದೇ ಒಂದು ಮಿಲಿಮೀಟರು ಹೂತರೆ ನಮ್ಮ ಹಳೆಯ ಸ್ಪ್ರಿಂಗಿನ 36 ಕಿಲೋ 31ಕ್ಕೆ ಇಳಿಯಿತು. ನೂರಕ್ಕೆ ಹದಿಮೂರು ಭಾಗ ಖೋತಾ. ಮೂರು ನಾಲ್ಕು ಸಲ ಅರೆಸಿಕೊಂಡ ಟ್ಯಾಕ್ಸಿಯ ತಲೆಯಲ್ಲಿ ಎಷ್ಟಾಗಿರಬಹುದೆಂದು ಊಹಿಸಿ. ಆದ್ದರಿಂದ ಸ್ಪ್ರಿಂಗಿಲ್ಲದೆ ಕವಾಟ, ತಟ್ಟೆ, ಬೀಗಗಳನ್ನಷ್ಟೇ ಕೂಡಿಸಿ, ತಟ್ಟೆಯನ್ನು ಮೇಲಕ್ಕೆಳೆದು ಹಿಡಿದು, ಸ್ಪ್ರಿಂಗು ಕೂರುವ ಎತ್ತರವನ್ನು ಒಂದೊಂದು ಕವಾಟದಲ್ಲಿಯೂ ಅಳೆಯಬೇಕು. ಹದಿನಾರು ಕವಾಟಗಳಿದ್ದರೆ ಹದಿನಾರು ಅಳತೆ. ಹೆಚ್ಚಿದ್ದಲ್ಲಿ ಹದಗೊಳಿಸಿದ ಉಕ್ಕಿನ ಬಿಲ್ಲೆಗಳನ್ನು ಅಡಿಗಿಟ್ಟು ಸರಿಮಾಡಬಹುದು.

ಸ್ಪ್ರಿಂಗಿನ ಬಲವನ್ನು ಅಳೆಯಲು ಬೆಲೆಬಾಳುವ ಉಪಕರಣವಿದೆ. ಅದಿಲ್ಲದವರಿಗೂ ದಾರಿಯಿದೆ. ಕೊರೆಯುವ ಯಂತ್ರದ ಮೇಜಿನ ಮೇಲೆ ಮನೆಯ ತೂಕದ ಯಂತ್ರವನ್ನಿಟ್ಟು, ಅದರ ಮೇಲೆ ಸ್ಪ್ರಿಂಗನ್ನು ನಿಲ್ಲಿಸಿ, ಕೊರೆಯುವ ಯಂತ್ರದ ಹಿಡಿಯಿಂದ ಮೆಲ್ಲನೆ ಅದುಮಿ, ಬೇಕಾದ ಎತ್ತರಕ್ಕೆ ಬಂದಾಗ ಕಿಲೋಗಳನ್ನು ಓದಿಕೊಳ್ಳಬಹುದು. ವೈದ್ಯರ ಸಲಹೆಯಂತೆ ಮೈತೂಕ ಇಳಿಸಲು ಕೊಂಡ ಯಂತ್ರ ಹೀಗಾದರೂ ಉಪಯೋಗಕ್ಕೆ ಬರಲಿ. ಅದುಮಿದ ಸ್ಪ್ರಿಂಗು ಜಾರಿದರೆ ಬಾಣದಂತೆ ಸಿಡಿಯುತ್ತದೆ. ಕಣ್ಣಿಗೆ ರಕ್ಷಣೆಯ ಕನ್ನಡಕವಿಲ್ಲದೆ ಈ ಕೆಲಸಕ್ಕೆ ಕೈಹಾಕಕೂಡದು. ಹೇಳಿದ ಬಲಕ್ಕಿಂತ ನೂರಕ್ಕೆ ಹತ್ತರಷ್ಟು ಕಡಿಮೆ ತೋರಿಸುವ ಸ್ಪ್ರಿಂಗನ್ನು ಮತ್ತೆ ಎಂಜಿನ್ನಿಗೆ ಹಾಕುವುದರಲ್ಲಿ ಉಳಿತಾಯವೇನೂ ಇಲ್ಲ.

ಬಲ ಸರಿಯಿದ್ದರೂ ಜಾಗ ಸರಿಯಿದೆಯೇ ಎಂಬುದು ಬೇರೆ ಪ್ರಶ್ನೆ. ಸ್ಪ್ರಿಂಗನ್ನು ಪೂರ್ತಿ ಅದುಮಿದರೆ ಸುರುಳಿಗಳೆಲ್ಲ ಒಂದನ್ನೊಂದು ಮುಟ್ಟಿ ಅದು ಬರಿಯ ಉಕ್ಕಿನ ಕೊಳವೆಯಾಗುತ್ತದೆ. ಇದು ಅದರ ಗಟ್ಟಿ ಎತ್ತರ. ಕವಾಟ ಪೂರ್ತಿ ತೆರೆದಾಗಲೂ ಸ್ಪ್ರಿಂಗು ಈ ಎತ್ತರಕ್ಕಿಂತ ಒಂದೂವರೆ ಮಿಲಿಮೀಟರು ಮೇಲಿರಬೇಕೆಂಬುದು ಅನುಭವಿಗಳ ಕಟ್ಟಳೆ. ನಾವು ಕೈಯಲ್ಲಿ ಹಿಡಿದ ಹಳೆಯ ಸ್ಪ್ರಿಂಗಿನ ಗಟ್ಟಿ ಎತ್ತರ 30 ಮಿಲಿಮೀಟರೆಂದು ಅಳತೆಯಲ್ಲಿ ಕಂಡಿತೆನ್ನಿ. 43.2ರಲ್ಲಿ 12.2 ಕಳೆದರೆ 31. ಉಳಿದ ಸಂದು ಒಂದೇ ಮಿಲಿಮೀಟರು. ಸಾಲದು. ಇಷ್ಟರಲ್ಲಿ ಯಾರೋ ಹಳೆಯ ಸ್ಪ್ರಿಂಗಿಗೆ ಬಲ ತುಂಬಲೆಂದು ಅಡಿಯಲ್ಲಿ ಒಂದು ಮಿಲಿಮೀಟರಿನ ಬಿಲ್ಲೆಯಿಟ್ಟರೆ? ಪೀಠದ ಬಲ 41 ಕಿಲೋ ಆಯಿತೆಂದು ಸಂತೋಷಪಡುವಷ್ಟರಲ್ಲಿ ಆ ಒಂದು ಮಿಲಿಮೀಟರೂ ಮುಗಿದುಹೋಯಿತು. ಎಂಜಿನ್ನು ಮೊದಲ ಸುತ್ತಿನಲ್ಲಿಯೇ ಸ್ಪ್ರಿಂಗನ್ನು ಕಬ್ಬಿಣದ ಗೂಟದಂತೆ ಜಜ್ಜುತ್ತದೆ. ಕಡ್ಡಿ ಬಾಗುತ್ತದೆ ಇಲ್ಲವೇ ಗೂಟ ಕೀಳುತ್ತದೆ. ಕೂರಿಸಿದ ಎತ್ತರವನ್ನು ನ್ಯಾಯವಾದ ಅಳತೆಗೆ ತರಲು ಬಿಲ್ಲೆ. ಬಡ ಸ್ಪ್ರಿಂಗನ್ನು ಬಲಶಾಲಿಯಾಗಿ ತೋರಿಸಲು ಅಲ್ಲ.

ಕೆಳಗಿಳಿಯುವ ತಟ್ಟೆ ಕಾಂಡದ ಮಾರ್ಗದರ್ಶಿಯ ತುದಿಗೋ ಅಲ್ಲಿನ ಎಣ್ಣೆ ತಡೆಗೋ ಬಡಿಯದಂತೆ ಪೂರ್ತಿ ಏರಿಕೆಯ ಮೇಲೆ ಇನ್ನೂ 1.3 ಮಿಲಿಮೀಟರಾದರೂ ಸಂದು ಬೇಕು. ನಮ್ಮ ಲೆಕ್ಕಕ್ಕೆ ಅದು 13.5 ಮಿಲಿಮೀಟರು. ಷೆವರ್ಲೆಯ ಹಳೆಯ ತಲೆಗಳಲ್ಲಿ ಇಷ್ಟು ಜಾಗ ಸಾಮಾನ್ಯವಾಗಿ ಸಿಗದೆ ಮಾರ್ಗದರ್ಶಿಯನ್ನು ಗಿಡ್ಡಮಾಡಬೇಕಾಗುತ್ತದೆ. ರಾಕರನ್ನೂ ಬದಲಿಸಿ ಅನುಪಾತ 1.6 ಮಾಡಿಕೊಂಡವರು ಏರಿಕೆ 13 ಮಿಲಿಮೀಟರಾಯಿತೆಂಬುದನ್ನು ಮರೆಯದೆ ಈ ಲೆಕ್ಕಗಳನ್ನೆಲ್ಲ ಮತ್ತೆ ಮೊದಲಿನಿಂದ ಮಾಡಬೇಕು.

ಕಡೆಯದಾಗಿ ಪಿಸ್ಟನ್ನಿಗೂ ಕವಾಟಕ್ಕೂ ನಡುವಿನ ಅಂತರ. ಮಕ್ಕಳು ಆಡುವ ಜೇಡಿಯನ್ನು ಪಿಸ್ಟನ್ನಿನ ತಲೆಗೆ ಮೆತ್ತಿ, ಎಣ್ಣೆ ಸವರಿ, ತಲೆಯನ್ನು ಬಿಗಿದು, ಎಂಜಿನ್ನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿ, ಜೇಡಿಯಲ್ಲಿ ಮೂಡಿದ ಗುರುತನ್ನು ಅಲಗಿನಿಂದ ಸೀಳಿ ಅತ್ಯಂತ ತೆಳುವಾದ ಕಡೆ ದಪ್ಪ ಅಳೆಯುವುದು ಹಳೆಯ ಉಪಾಯ. ಹೈಡ್ರಾಲಿಕ್ ಟ್ಯಾಪೆಟ್ಟು ಒತ್ತಿಗೆ ಕುಸಿದು ಸುಳ್ಳು ಹೇಳುವುದರಿಂದ ಈ ಪರೀಕ್ಷೆಯ ಮಟ್ಟಿಗೆ ಗಟ್ಟಿ ಟ್ಯಾಪೆಟ್ಟನ್ನು ಬಳಸಬೇಕು. ಒಳಸೇರುವ ಕವಾಟಕ್ಕೆ 2 ಮಿಲಿಮೀಟರು, ಹೊರಹೋಗುವ ಕವಾಟಕ್ಕೆ 2.5 ಮಿಲಿಮೀಟರು ಇರಬೇಕು. ಎರಡನೆಯದಕ್ಕೆ ಹೆಚ್ಚು ಏಕೆಂದರೆ, ಅದು ಬೆಂಕಿಯಲ್ಲಿ ಕಾದು ಉದ್ದವಾಗುತ್ತದೆ. ಅಲ್ಲದೆ ಮುಚ್ಚಿಕೊಳ್ಳುತ್ತಿರುವ ಅದನ್ನು ಪಿಸ್ಟನ್ನು ಬೆನ್ನಟ್ಟಿ ಬರುತ್ತಿರುತ್ತದೆ. ಸ್ಪ್ರಿಂಗು ಸೋತು ಕವಾಟ ತಡಮಾಡಿದರೆ ಪಿಸ್ಟನ್ನು ಕಾಯುವುದಿಲ್ಲ.

ಸ್ಪ್ರಿಂಗುಗಳಲ್ಲಿಯೂ ಜಾತಿಗಳುಂಟು. ಯಾವ ಸುರುಳಿಗೂ ತನ್ನದೇ ಆದ ಒಂದು ಕಂಪನವಿದೆ. ತಂಬೂರಿಯ ತಂತಿಯಂತೆ ಮಿಡಿದರೆ ತನ್ನ ಶ್ರುತಿಯಲ್ಲಿ ನಡುಗುತ್ತದೆ. ಕ್ಯಾಮಿನ ಬಡಿತ ಆ ಶ್ರುತಿಗೆ ಕೂಡಿಬಂದರೆ ಸುರುಳಿಗಳ ನಡುವೆ ಅಲೆಯೊಂದು ಓಡಾಡಿ, ಇದ್ದ ಬಲವೂ ಕೆಲಸಕ್ಕೆ ಬಾರದಾಗುತ್ತದೆ. ಇದನ್ನು ತಗ್ಗಿಸಲು ಒಳಗೊಂದು ಚಪ್ಪಟೆ ಪಟ್ಟಿಯ ಸುರುಳಿಯನ್ನೋ ಇನ್ನೊಂದು ಸಣ್ಣ ಸ್ಪ್ರಿಂಗನ್ನೋ ಉಜ್ಜುವಂತೆ ಸೇರಿಸುತ್ತಾರೆ. ಮೇಲಕ್ಕೆ ಹೋದಂತೆ ಕಿರಿದಾಗುವ ಜೇನುಗೂಡಿನಾಕಾರದ ಸ್ಪ್ರಿಂಗಿನಲ್ಲಿ ಸುರುಳಿಗಳ ಅಳತೆ ಒಂದೊಂದು ಕಡೆ ಒಂದೊಂದಾದ್ದರಿಂದ ಎಲ್ಲವೂ ಒಟ್ಟಿಗೆ ನಡುಗುವುದಿಲ್ಲ. ಮೇಲಿನ ತಟ್ಟೆಯೂ ಚಿಕ್ಕದಾಗಿ ತೂಕ ಇಳಿಯುತ್ತದೆ. ಸ್ಪ್ರಿಂಗಿನ ಸಹವಾಸವೇ ಬೇಡವೆಂದವರೂ ಇದ್ದಾರೆ. ಇಟಲಿಯ ಡುಕಾಟಿ ಮೋಟಾರು ಸೈಕಲುಗಳಿಗೆ ಫಾಬಿಯೊ ತಗ್ಲಿಯೋನಿ 1956ರಲ್ಲಿ ಅಳವಡಿಸಿದ ವಿಧಾನದಲ್ಲಿ ತೆರೆಯಲು ಒಂದು ಕ್ಯಾಮ್, ಮುಚ್ಚಲು ಇನ್ನೊಂದು ಕ್ಯಾಮ್. 1986ರಲ್ಲಿ ರೆನೋ ಸಂಸ್ಥೆ ತನ್ನ ಫಾರ್ಮುಲಾ ಒನ್ ಎಂಜಿನ್ನಿನಲ್ಲಿ ಉಕ್ಕಿನ ಸುರುಳಿಯ ಬದಲು ಒತ್ತಿದ ಅನಿಲವನ್ನು ಬಳಸಿತು. ನಮ್ಮ ಬೀದಿಯ ಕಾರ್ಯಾಗಾರಕ್ಕೆ ಇವು ದೂರದ ಮಾತು.

ಎಲ್ಲವನ್ನೂ ಸರಿಯಾಗಿ ಹೊಂದಿಸಿ ಕಟ್ಟಿದ ಚಪ್ಪಟೆ ಟ್ಯಾಪೆಟ್ಟಿನ ಎಂಜಿನ್ನು ಕೆಡುವುದು ಬಹುತೇಕ ಮೊದಲ ಅರ್ಧ ಗಂಟೆಯಲ್ಲಿ. ಟ್ಯಾಪೆಟ್ಟುಗಳು ಹೊಸವೇ ಆಗಿರಬೇಕು; ಹಳೆಯ ದಂಡದೊಡನೆ ಸವೆದು ಹೊಂದಿಕೊಂಡವು ಹೊಸ ದಂಡಕ್ಕೆ ಒಗ್ಗುವುದಿಲ್ಲ. ಒಳಗೊಂದು ಹೊರಗೊಂದು ಎಂಬ ಜೋಡಿ ಸ್ಪ್ರಿಂಗುಗಳಿದ್ದರೆ ಒಳಗಿನದನ್ನು ತೆಗೆದಿಟ್ಟು ಮೊದಲ ಓಟ ಮುಗಿಸುವುದು ಒಳ್ಳೆಯದು. ಉಬ್ಬುಗಳಿಗೆ ದಟ್ಟವಾದ ಲೇಪನ ಹಚ್ಚಬೇಕು. ಎಂಜಿನ್ನು ಹತ್ತಿಕೊಂಡೊಡನೆ 2,000ದಿಂದ 2,500 ಸುತ್ತಿಗೆ ಏರಿಸಿ, ಸ್ವಲ್ಪ ಸ್ವಲ್ಪ ಮೇಲೆ ಕೆಳಗೆ ಮಾಡುತ್ತ, ಇಪ್ಪತ್ತರಿಂದ ಮೂವತ್ತು ನಿಮಿಷ ಓಡಿಸಬೇಕು. ಹೊಸ ಎಂಜಿನ್ನೆಂದು ಕನಿಕರದಿಂದ ಮೆಲ್ಲನೆ ಓಡಿಸುವುದೇ ಅಪಾಯ: ಉಬ್ಬುಗಳಿಗೆ ಎಣ್ಣೆ ಮುಖ್ಯವಾಗಿ ಕ್ರ್ಯಾಂಕಿನಿಂದ ಎರಚಿ ಬರಬೇಕು, ನಿಧಾನದ ಓಟದಲ್ಲಿ ಅದು ಸಾಕಷ್ಟು ಬರುವುದಿಲ್ಲ. ಎಣ್ಣೆಯ ವಿಷಯದಲ್ಲಿಯೂ ಎಚ್ಚರ ಬೇಕು. ಸವೆತ ತಡೆಯುವ ಸತು ಮತ್ತು ರಂಜಕದ ಸಂಯುಕ್ತಗಳು ಹೊಗೆಶೋಧಕ ಪರಿವರ್ತಕಗಳನ್ನು ಕೆಡಿಸುತ್ತವೆಂದು ಆಧುನಿಕ ಕಾರುಗಳ ಎಣ್ಣೆಯಲ್ಲಿ ಅವನ್ನು ಕಡಿಮೆ ಮಾಡಿದ್ದಾರೆ. 2004ರಲ್ಲಿ ಬಂದ ಜಿಎಫ್-4 ಎಂಬ ಮಾನದಂಡ ರಂಜಕವನ್ನು ನೂರಕ್ಕೆ 0.08ಕ್ಕೆ ಮಿತಿಗೊಳಿಸಿತು. ಹಳೆಯ ತರಹದ ಕ್ಯಾಮಿಗೆ ಆ ಸಂಯುಕ್ತ ಧಾರಾಳವಾಗಿರುವ ಎಣ್ಣೆಯನ್ನೇ ಹುಡುಕಿ ತರಬೇಕು.

ಅರ್ಧ ಗಂಟೆಯ ಓಟ ಮುಗಿದ ಮೇಲೆ ಎಣ್ಣೆಯನ್ನೂ ಶೋಧಕವನ್ನೂ ಬದಲಿಸಿ, ಹಳೆಯ ಶೋಧಕವನ್ನು ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡಬೇಕು. ಮೊದಲ ಸಲ ನವಿರಾದ ಬೂದುಬಣ್ಣದ ಮಡ್ಡಿ ಕಂಡರೆ ಗಾಬರಿಯಿಲ್ಲ. ಅಯಸ್ಕಾಂತಕ್ಕೆ ಅಂಟುವ ಹೊಳೆಯುವ ಚೂರುಗಳಿದ್ದರೆ ಎಂಜಿನ್ನನ್ನು ಮತ್ತೆ ಹತ್ತಿಸದೆ ಮೇಲಿನ ಮುಚ್ಚಳಗಳನ್ನು ತೆಗೆದು, ಹದಿನಾರು ಕವಾಟಗಳ ಏರಿಕೆಯನ್ನೂ ಡಯಲು ಮಾಪಕದಿಂದ ಅಳೆದು, ಕಟ್ಟುವಾಗ ಬರೆದಿಟ್ಟುಕೊಂಡ ಅಂಕಿಗಳೊಡನೆ ಹೋಲಿಸಬೇಕು. ಯಾವ ಕವಾಟದಲ್ಲಿ ಕೊರತೆ ಕಂಡಿತೋ ಅದರ ಉಬ್ಬು ಸವೆಯತೊಡಗಿದೆ. ಆ ದಂಡ ಹೊರಗೆ ಬರಲೇಬೇಕು. ಹಾಗೆ ಬಂದಾಗ ಅಡಿಯ ತೊಟ್ಟಿಯನ್ನೂ ಬಿಚ್ಚಿ ಬೇರಿಂಗುಗಳನ್ನು ನೋಡದೆ ಹೊಸ ದಂಡವನ್ನು ಕೂರಿಸಬಾರದು.